ಒಂದು ಜೊತೆ ಬೂಟು

ಪ್ರಿಯ ಬಲಗಾಲೇ,

ಭಾನುವಾರದ ಸಭೆಗೆ ನಾನು ಬರುವುದಿಲ್ಲ. ಕಾಲು ಕಳೆದುಕೊಂಡವರ ಪರವಾಗಿ ಈ ಸಲ ನೀನೇ ಮಾತಾಡು. ಬಸ್ಸಿನ ಮೆಟ್ಟಿಲಿನ ವಿಷಯ ಎತ್ತು. ಅಧಿಕಾರಿ ತಲೆಯಾಡಿಸಿ ಜಾರಿಕೊಳ್ಳಲು ನೋಡುತ್ತಾನೆ, ಬಿಡಬೇಡ. ನಮ್ಮ ಬೂಟಿನ ಜೋಕು ಮಾತ್ರ ಬೇಡ. ಒಂದೇ ಜೊತೆ ಕೊಂಡು, ಎಡಗಾಲಿಲ್ಲದ ನಿನಗೆ ಬಲದ್ದು, ಬಲಗಾಲಿಲ್ಲದ ನನಗೆ ಎಡದ್ದು ಎಂದು ಹಂಚಿಕೊಂಡ ಕಥೆಗೆ ಜನ ಎಷ್ಟು ನಗುತ್ತಿದ್ದರು!

ನಾನು ಆಸ್ಪತ್ರೆಯಲ್ಲಿದ್ದೇನೆ. ಕಾಲಿನ ಹೆಬ್ಬೆರಳಿನ ಹುಣ್ಣು ಕೊಳೆತು ಮೇಲೇರಿದೆ. ಮೊದಲಿನದೂ ಹೀಗೆಯೇ ಹೋಗಿತ್ತಲ್ಲ. ನಾಳೆ ಬೆಳಿಗ್ಗೆ ಇದನ್ನೂ ತೆಗೆಯುತ್ತಾರೆ.

ಮಧ್ಯಾಹ್ನ ನರ್ಸಮ್ಮ ಮೊಬೈಲು ಹಿಡಿದು ಬಂದಳು. "ಯಾಕಿಷ್ಟು ಸಪ್ಪಗಿದ್ದೀರಿ? ಇವರ ಮಾತು ಕೇಳಿ, ಧೈರ್ಯ ಬರುತ್ತೆ," ಅಂದಳು. ನೋಡಿದರೆ ವೇದಿಕೆಯ ಮೇಲೆ ನಾನೇ! ಗಡ್ಡ ಬೆಳೆದು ಇಳಿದುಹೋದ ಈ ಮುಖದ ಗುರುತು ಅವಳಿಗೆ ಸಿಗಲಿಲ್ಲ. "ಒಂದು ಹೋದ್ರೇನು, ಇನ್ನೊಂದಿದೆಯಲ್ಲ!" ಎಂದು ಆ ಮನುಷ್ಯ ಎದೆ ತಟ್ಟಿಕೊಳ್ಳುತ್ತಿದ್ದ. ಪೂರ್ತಿ ಕೇಳಿದೆ. ಚೆನ್ನಾಗಿಯೇ ಮಾತಾಡುತ್ತಾನೆ. ನನಗೆ ಒಂದು ಮಾತೂ ನಾಟಲಿಲ್ಲ.

ಅಕ್ಕ ನನ್ನ ಬೂಟನ್ನು ನಿನ್ನ ಬೀಗದಂಗಡಿಗೆ ತಂದುಕೊಡುತ್ತಾಳೆ. ಹಿಮ್ಮಡಿಯ ಕಡೆ ಸ್ವಲ್ಪ ಸವೆದಿದೆ, ಅಷ್ಟೇ. ನಮ್ಮ ಅಳತೆಯ, ಬಲಗಾಲಿಲ್ಲದ ಇನ್ನೊಬ್ಬನನ್ನು ಹುಡುಕಿಕೋ. ಅವನಿಗೆ ಕೊಡುವ ಮೊದಲು ಎರಡನ್ನೂ ಒಮ್ಮೆ ಪಕ್ಕಪಕ್ಕ ಇಟ್ಟು ನೋಡು. ಅಂಗಡಿಯಿಂದ ತಂದ ಮೇಲೆ ಅವು ಒಟ್ಟಿಗೆ ಇದ್ದದ್ದೇ ಇಲ್ಲ.

ನಾಳೆ ಬೆಳಗಿನವರೆಗೆ ನಿನ್ನ,
ಎಡಗಾಲು