ಹೈಕೋರ್ಟ್ ವಕೀಲೆ ಅಕ್ಷಯಾ

ರಾಜಾನುಕುಂಟೆ
ಬೆಳಗಿನ ಜಾವ ನಾಲ್ಕು ಗಂಟೆ

ರಾಧಾಮಣಿ ಮೇಡಂ ಅವರಿಗೆ ನಮಸ್ಕಾರ.

ಮನೆ ಮುಂದೆ ಲಾರಿಯಿಂದ ಶಾಮಿಯಾನದ ಕಂಬ ಇಳಿಸುವ ಸದ್ದಿಗೆ ಎಚ್ಚರವಾಯಿತು. ಮಗಳೂ ಎದ್ದಳು. ಅವಳನ್ನು ತೊಡೆಯ ಮೇಲೆ ಹಾಕಿಕೊಂಡೇ ಬರೆಯುತ್ತಿದ್ದೇನೆ. ಈ ಪತ್ರದ ಫೋಟೊ ತೆಗೆದು ವಾಟ್ಸಾಪ್ ಮಾಡುತ್ತೇನೆ.

ನೀವು ನನಗೆ ಪಾಠ ಹೇಳಿದ ನಮ್ಮ ಕಾನೂನು ಕಾಲೇಜು ಇವತ್ತು ಸನ್ಮಾನಿಸುವ ಹಳೆಯ ವಿದ್ಯಾರ್ಥಿಗಳ ಪಟ್ಟಿಯಲ್ಲಿ 'ಹೈಕೋರ್ಟ್ ವಕೀಲೆ' ಅಂತ ನನ್ನ ಹೆಸರಿದೆ. ನಾನು ವಕೀಲೆಯೇ ಅಲ್ಲ ಮೇಡಂ. ಚಿನ್ನದ ಪದಕ ಬಂತು, ಮದುವೆಯಾಯಿತು, ವಕೀಲೆಯಾಗಿ ನೋಂದಾಯಿಸಲು ಹೋಗಲೇ ಇಲ್ಲ. ಕಾಲೇಜಿನಿಂದ ಫೋನ್ ಬಂದಾಗ ನಾನು ಮಗಳಿಗೆ ಸ್ನಾನ ಮಾಡಿಸುತ್ತಿದ್ದೆ. ಮಾವ ಲಕ್ಕಣ್ಣನವರು ಫೋನ್ ಎತ್ತಿ, "ನಮ್ ಸೊಸೆ ಐಕೋರ್ಟ್ ಲಾಯರ್ರು, ಬರ್ಕಳಿ ಸಾ!" ಅಂದರಂತೆ. ಕೇಳಿದರೆ, "ಓದಿಲ್ವೇನವ್ವಾ? ಇನ್ನೇನ್ ಬೇಕು ಅದ್ಕೆ?" ಅಂತಾರೆ. ಅವರ ಪಾಲಿಗೆ ಅದು ಸುಳ್ಳೇ ಅಲ್ಲ. ಊರಿಗೆಲ್ಲ ಊಟಕ್ಕೆ ಹೇಳಿದ್ದಾರೆ.

ಹೆಸರು ತೆಗೆಸಿದರೆ ಅವರ ಮುಖ ಹೇಗೆ ನೋಡಲಿ? ವೇದಿಕೆ ಹತ್ತಿದರೆ ನಿಮ್ಮ ಮುಖ? 'ಪದಕ ಪಡೆದವಳು' ಎಂದಷ್ಟೇ ಬರೆಸಬಹುದೇ? ಇದು ಪ್ರಾಮಾಣಿಕತೆಯೋ ಆಸೆಯೋ, ನನಗೇ ಗೊತ್ತಾಗುತ್ತಿಲ್ಲ.

ಏನೇ ಆದರೂ ನಾನು ವಕೀಲೆಯಲ್ಲ ಎಂಬುದು ಮಾವನಿಗೆ ಊರವರ ಎದುರು ತಿಳಿಯಬಾರದು. ಅವರೊಬ್ಬರೇ ಇರುವಾಗ ನಾನೇ ಹೇಳಬೇಕು. ದಯವಿಟ್ಟು ಬೆಳಕು ಹರಿಯುವ ಮೊದಲು ಫೋನ್ ಮಾಡಿ ಮೇಡಂ.

ನಿಮ್ಮ ವಿದ್ಯಾರ್ಥಿನಿ,
ಅಕ್ಷಯಾ