ಅಳಿಯನ ಅರ

ದಯಾಮಯನಾದ ದೇವರ ನಾಮಕ್ಕೆ ಸ್ತೋತ್ರ.

ಟೊಲ್ಗಾ, ನಾರ್ವೆ
ಸಂತ ಮಿಖಾಯೇಲನ ಹಬ್ಬದ ಮುನ್ನಾದಿನ, ಸೆಪ್ಟೆಂಬರ್ ೨೮

ಪ್ರಿಯ ಅಳಿಯ ಐವಿಂಡ್ ಅವರಿಗೆ,

ನಿಮ್ಮ ರೈಫಲಿನ ಟ್ರಿಗರ್ ಬಿಗಿಯಾಗಿದೆ ಎಂದಾಗ, ಅದನ್ನು ಕೋವಿ ಕಮ್ಮಾರ ಹಾಲ್ವರ್‌ನಲ್ಲಿಗೆ ಒಯ್ಯುವಂತೆ ನಾನು ವಿನಯದಿಂದಲೇ ಸೂಚಿಸಿದ್ದೆ. "ಅವ್ನು ಮೂರು ವಾರ ಕಾಯಿಸ್ತಾನೆ ಮಾವ, ಅರ ನನ್ನ ಹತ್ರ ಇಲ್ವಾ?" ಎಂದು ನಕ್ಕು, ಊಟದ ಮೇಜಿನ ಮೇಲೆಯೇ ಟ್ರಿಗರಿನ ಕೊಂಡಿಯನ್ನು ಉಜ್ಜಲು ಕುಳಿತಿರಿ.

ಶನಿವಾರ ಗುರಿ ಅಭ್ಯಾಸದ ಮೈದಾನದಲ್ಲಿ ನೀವು ಗುಂಡು ತುಂಬಿ ರೈಫಲಿನ ಬೋಲ್ಟ್ ಮುಚ್ಚಿದ ಮಾತ್ರಕ್ಕೆ, ಟ್ರಿಗರಿಗೆ ಬೆರಳು ಸೋಕದೆಯೇ, ಗುಂಡು ಹಾರಿತು. ನನ್ನ ಮಗಳ ಬೂಟಿನಿಂದ ಒಂದು ಗೇಣು ದೂರದಲ್ಲಿ ನೆಲ ಸೀಳಿತು. "ಹೆದರ್ಬೇಡಪ್ಪ, ಬೂಟು ಹೇಗೂ ಹಳೇದು" ಎಂದಳು ರಾಗ್ನ್‌ಹಿಲ್ಡ್. ಆದರೂ ಅವಳು ನಿಮ್ಮ ಪಕ್ಕದಿಂದ ಸರಿದು ನನ್ನ ಹಿಂದೆ ಬಂದು ನಿಂತಳು. ನೀವಾದರೋ, "ಇನ್ನೊಂಚೂರು ಉಜ್ಜಿದ್ರೆ ಸರಿಹೋಗತ್ತೆ" ಎಂದಿರಿ. ಆ ಮಾತನ್ನು ಕ್ಷಮಿಸುವ ಬಲಕ್ಕಾಗಿ ಪ್ರಾರ್ಥಿಸುತ್ತಿದ್ದೇನೆ, ಅದಿನ್ನೂ ದೊರೆತಿಲ್ಲ.

ಅಂದು ಆ ರೈಫಲಿನಿಂದ ಮತ್ತೆ ಗುಂಡು ಹಾರದಂತೆ ನಾನು ಬೋಲ್ಟನ್ನು ಕಳಚಿಕೊಂಡದ್ದು ಮಾವನಾಗಿ ಅಲ್ಲ, ಬೇಟೆ ತಂಡದ ಮುಖ್ಯಸ್ಥನಾಗಿ. ಅದೀಗ ಹಾಲ್ವರ್‌ನ ಬಳಿಯಿದೆ. ಉಳಿದ ರೈಫಲನ್ನು ನೀವೇ ಒಯ್ದು, ಮಾಡಿದ್ದೇನೆಂಬುದನ್ನು ನಿಮ್ಮ ಬಾಯಿಂದಲೇ ಅವನಿಗೆ ತಿಳಿಸತಕ್ಕದ್ದು. ಸರಿಯಾಗಿದೆಯೆಂದು ಅವನು ಬರೆದುಕೊಡುವವರೆಗೆ ಎಲ್ಕ್ ಜಿಂಕೆಯ ಬೇಟೆಗೆ ನೀವು ಬರಕೂಡದು.

ಬೇಟೆಯಲ್ಲಿ ರಾಗ್ನ್‌ಹಿಲ್ಡಳ ಪಕ್ಕದಲ್ಲಿ ಎಲ್ಕಿಗಾಗಿ ಕಾದು ನಿಲ್ಲುವ ಜಾಗ ಮದುವೆಯಾದಂದಿನಿಂದ ನಿಮ್ಮದು. ನೀವು ಬರುವ ತನಕ ಅಲ್ಲಿ ಬೇರೆ ಯಾರನ್ನೂ ನಿಲ್ಲಿಸುವುದಿಲ್ಲ.

ಇತಿ, ನಿಮ್ಮ ಮಾವ
ಟೋರ್ಲೈಫ್

ಅವಳ ಹೆಜ್ಜೆಗಳನ್ನೂ, ಹಾಲ್ವರ್‌ನ ನುರಿತ ಕೈಗಳನ್ನೂ, ಆತುರದ ನಿಮ್ಮ ಕೈಗಳನ್ನೂ ದೇವರು ಕಾಯಲಿ.