ಏಳನೇ ಸಾಲು

೧೮ನೇ ತಾರೀಖು, ಗುರುವಾರ
ಸಂಜೆ ಆರು ಗಂಟೆ

ಪ್ರೀತಿಯ ಅಣ್ಣನಿಗೆ,

ಈಗಷ್ಟೇ ಅಂಗಡಿಯಿಂದ ಬಂದು ಕೂತೆ. ಇವತ್ತು ದಿನವಿಡೀ ಒಂದೇ ಕೋಟಿನ ಕೆಲಸ. ನಿನ್ನ ಪತ್ರ ಬೆಳಿಗ್ಗೆಯೇ ಬಂತು. ಮಧ್ಯಾಹ್ನ ಬಟ್ಟೆ ಕತ್ತರಿಸುವ ಮೇಜಿನ ಪಕ್ಕ ನಿಂತು ಓದಿದೆ.

ಭಾನುವಾರ ನಿಮ್ಮ ಪಕ್ಷದ ಕಚೇರಿಯಲ್ಲಿ ಅಪ್ಪನ ನೆನಪಿಗೆ ಸಭೆ ಸೇರುತ್ತೀರಿ. ಕಣ್ಣು ಹೋದ ಹಳೇ ಕಾರ್ಯಕರ್ತ ಮಗಳ ಕೈ ಹಿಡಿದು ಬಂದು ಕೊನೆಯ ವೋಟು ಹೇಗೆ ಹಾಕಿದರು ಎಂದು ನಾನು ನಾಲ್ಕು ಸಾಲು ಬರೆದು ಕಳಿಸಬೇಕು, ನೀನು ಅದನ್ನು ಓದುತ್ತೀಯ. ಹತ್ತೊಂಬತ್ತು ವೋಟಿನಿಂದ ಸೋತ ಊರಿನಲ್ಲಿ ಅದನ್ನು ಕೇಳಿದರೆ ಜನರಿಗೆ ಹುಮ್ಮಸ್ಸು ಬರುತ್ತದೆ ಎಂದಿದ್ದೀಯ.

ಬರೆಯಲು ಮೂರು ಸಲ ಕೂತೆ. ಆಗಲಿಲ್ಲ. ಅಪ್ಪನ ವೋಟನ್ನು ನಾನು ಕಣ್ಣಿನ ಡಾಕ್ಟರಿಗೆ ಹಾಕಿದೆ, ಅಣ್ಣ.

ಕಣ್ಣು ಕಾಣದವರ ಜೊತೆ ಹೋಗುವವರು ಮತಗಟ್ಟೆಯಲ್ಲಿ ಒಂದು ಕಾಗದಕ್ಕೆ ಸಹಿ ಹಾಕಬೇಕು. ಅವರು ಹೇಳಿದ ಕಡೆಗೇ ಮುದ್ರೆ ಒತ್ತುತ್ತೇನೆ, ಹೊರಗೆ ಯಾರಿಗೂ ಹೇಳುವುದಿಲ್ಲ ಎಂದು. ಸಹಿ ಹಾಕುವಾಗ ನನ್ನ ಮನಸ್ಸಿನಲ್ಲಿ ಬೇರೆ ಏನೂ ಇರಲಿಲ್ಲ. ಮರೆಗೆ ಹೋದ ಮೇಲೆ ಅಪ್ಪ ಮತಪತ್ರದ ಮೇಲಿನ ಅಂಚಿಗೆ ಒಂದು ಹೆಬ್ಬೆರಳು ಇಟ್ಟು, ಇನ್ನೊಂದು ಕೈಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡರು. 'ನಮ್ಮದಕ್ಕೆ ಒತ್ತಮ್ಮ' ಅಂದರು. ಆಗ ನಮ್ಮ ಬೀದಿಯ ಸರ್ಕಾರಿ ಔಷಧಾಲಯ ನೆನಪಾಯಿತು.

ಅದನ್ನು ಮುಚ್ಚಿಸಿದ್ದು ನಿಮ್ಮ ಪಕ್ಷ. ಆಮೇಲೆ ಅಪ್ಪನ ಕಣ್ಣಿಗಾಗಿ ಎರಡು ಬಸ್ಸು ಬದಲಿಸಿ ದೊಡ್ಡಾಸ್ಪತ್ರೆಗೆ ಹೋಗಿ, ಸಾಲಿನಲ್ಲಿ ನಿಂತು, 'ಡಾಕ್ಟರಿಲ್ಲ, ಸೋಮವಾರ ಬನ್ನಿ' ಅನ್ನಿಸಿಕೊಂಡು ವಾಪಸು ಬರುತ್ತಿದ್ದವಳು ನಾನು. ಹಾಗೆ ಎಷ್ಟೋ ಸೋಮವಾರ ಕಳೆದವು. ಕೊನೆಗೆ ಕಿಟಕಿ ಯಾವ ಕಡೆಗಿದೆ ಎಂದೂ ಅಪ್ಪನಿಗೆ ತಿಳಿಯದಾಯಿತು. ಅವರು ಪಕ್ಷವನ್ನು ಕ್ಷಮಿಸಿಬಿಟ್ಟರು. ನನ್ನಿಂದ ಆಗಲಿಲ್ಲ. ಕಣ್ಣಿನ ಡಾಕ್ಟರು ಯಾವ ಪಕ್ಷಕ್ಕೂ ಸೇರದೆ ಚುನಾವಣೆಗೆ ನಿಂತಿದ್ದರು, ಗೆದ್ದರೆ ಮೊದಲು ಔಷಧಾಲಯ ತೆರೆಸುತ್ತೇನೆ ಎಂದಿದ್ದರು. ನನ್ನ ಕೈ ಕೆಳಗೆ ಸರಿಯಿತು.

ಅಧಿಕಾರಿ 'ಆಯ್ತಾ ಅಜ್ಜ?' ಎಂದು ಕೇಳಿದರು. ಅಪ್ಪ 'ಆಯ್ತಪ್ಪ' ಅಂದರು. ದಾರಿಯಲ್ಲಿ ಅಪ್ಪ ಅಲ್ಲಲ್ಲಿ ನಿಂತು ನಿಂತು ನಡೆದರು. ಬಿಸಿಲಿಗೆ ಸುಸ್ತಾಗಿದೆ ಎಂದುಕೊಂಡೆ.

ಮುಂದಿನದು ನಿನಗೆ ಗೊತ್ತೇ ಇದೆ. ಇಲ್ಲಿ ಡಾಕ್ಟರು ಗೆದ್ದರು. ಒಟ್ಟಿನಲ್ಲಿ ಯಾವ ಪಕ್ಷವೂ ಅರ್ಧ ಸೀಟು ದಾಟಲಿಲ್ಲ, ನಿಮ್ಮವರಿಗೆ ಬಹುಮತಕ್ಕೆ ಒಬ್ಬರು ಕಡಿಮೆ ಬಿದ್ದರು. ಅಪ್ಪ ಮಂಚದಲ್ಲಿ ರೇಡಿಯೊವನ್ನು ಕಿವಿಗೆ ಒತ್ತಿಕೊಂಡೇ ಇರುತ್ತಿದ್ದರು. ಮೂರು ಹೊತ್ತೂ ಒಂದೇ ಸುದ್ದಿ, ಮಾತುಕತೆ ಮುಂದುವರಿದಿದೆ ಎಂದು. ಅಂಗಡಿಯಲ್ಲೂ ಅದೇ ಮಾತು. 'ಒಂದು ಪ್ಯಾಂಟನ್ನ ಮೂವರು ಹೊಲಿದ್ರೆ ಕಾಲು ಒಂದೊಂದು ಉದ್ದ ಬರುತ್ತೆ. ಇವರು ಸರ್ಕಾರ ಹೊಲೀತಾರಂತೆ!' ಎಂದು ನಮ್ಮ ಟೈಲರ್ ಮಾಸ್ಟರು ನಗುತ್ತಿದ್ದರು. ಇಸ್ತ್ರಿಯವಳು ಬಿಡುತ್ತಿರಲಿಲ್ಲ. 'ಇಷ್ಟು ದಿನ ಸರ್ಕಾರ ಇಲ್ವಲ್ಲ ಮಾಸ್ಟ್ರೇ, ನಿಮಗೇನಾದ್ರೂ ಕಮ್ಮಿ ಆಯ್ತಾ?' 'ಆಯ್ತಲ್ಲ, ಬೈಯೋಕೆ ಒಬ್ಬರೂ ಇಲ್ಲ.' ನಾನೂ ನಗುತ್ತಿದ್ದೆ. ಮನೆಗೆ ಬಂದರೆ ಅಪ್ಪ, 'ಹತ್ತೊಂಬತ್ತೇ ವೋಟು ನೋಡು' ಅನ್ನುತ್ತಿದ್ದರು. ನಾನು ಒಲೆಯ ಮುಂದೆ ನಿಂತೇ ಇರುತ್ತಿದ್ದೆ.

ಫಲಿತಾಂಶ ಬಂದ ಹನ್ನೊಂದನೇ ದಿನ ಮಧ್ಯಾಹ್ನ ಅವರು ಹೋದಾಗಲೂ ರೇಡಿಯೊ ಮಾತಾಡುತ್ತಿತ್ತು.

ಇವತ್ತಿನ ಕೋಟು ಡಾಕ್ಟರದು. ಗೆದ್ದ ಮಾರನೇ ದಿನ ಅಳತೆ ಕೊಟ್ಟು, 'ಅರ್ಜೆಂಟಿಲ್ಲ, ಹೇಳಿ ಕಳಿಸ್ತೀನಿ' ಎಂದು ಹೋಗಿದ್ದರು. ಬೆಳಿಗ್ಗೆ ಹತ್ತಕ್ಕೆ ಫೋನು ಬಂತು, ನಾಳೆಗೇ ಬೇಕಂತೆ. ಮಾಸ್ಟರು ಫೋನು ಕೆಳಗಿಟ್ಟು, 'ಸರ್ಕಾರ ಆಯ್ತು ಕಣಮ್ಮ, ಕಾಜಾ ಹಾಕು' ಅಂದರು. ಮಧ್ಯಾಹ್ನದ ಸುದ್ದಿಯಲ್ಲಿ ಅದೇ ಬಂತು. ಡಾಕ್ಟರು ನಿಮ್ಮವರ ಜೊತೆ ಸೇರಿದ್ದಾರೆ, ರಸ್ತೆಗಳ ಖಾತೆ ಸಿಕ್ಕಿದೆ, ನಾಳೆ ಪ್ರಮಾಣವಚನ. ಒಪ್ಪಂದದ ಮಾತುಗಳನ್ನು ಒಂದೂ ಬಿಡದೆ ಓದಿದರು. ಗುಂಡಿಯ ತೂತು ಹೊಲಿಯುತ್ತಾ ಕಿವಿಗೊಟ್ಟು ಕೇಳಿದೆ. ಔಷಧಾಲಯದ ಸುದ್ದಿಯೇ ಇರಲಿಲ್ಲ.

ಅಪ್ಪನಿಂದ ನಾನು ಕದ್ದದ್ದು ಸುತ್ತಿ ಬಳಸಿ ನಿಮ್ಮವರಿಗೇ ಸೇರಿತು. ನನ್ನ ಕೈಯಲ್ಲಿ ಏನೂ ಉಳಿಯಲಿಲ್ಲ.

ಸಭೆಯಲ್ಲಿ ಏನು ಓದುತ್ತೀಯೋ ನಿನಗೆ ಬಿಟ್ಟದ್ದು. ನಾನು ಬರೆದುಕೊಡಲಾರೆ. ಬೈಯಬೇಕೆನಿಸಿದರೆ ಬೈದೇ ಬರೆ, ಆದರೆ ಬರೆ. ಅಪ್ಪ ಏನೂ ತಿಳಿಯದೆ ಸಮಾಧಾನವಾಗಿ ಹೋದರಲ್ಲ, ಅಷ್ಟು ಸಾಕು ಎಂದುಕೊಂಡಿದ್ದೇನೆ.

ಅತ್ತಿಗೆಗೆ ಕೇಳಿದೆನೆಂದು ಹೇಳು.

ನಿನ್ನ ತಂಗಿ
ನೀನು ಕರೆಯುವ ಹಾಗೆ, ಸೂಜಿ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದೆ. ಅಪ್ಪ ಸಮಾಧಾನವಾಗಿ ಹೋದರು ಎಂದದ್ದು ಸುಳ್ಳು. ಅಪ್ಪ ನಲವತ್ತು ವರ್ಷ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸಿದವರು, ಪ್ರತಿ ಚುನಾವಣೆಗೂ ಮತಪತ್ರ ಅಚ್ಚು ಹಾಕಿದವರು, ಸಾಲಿನ ಅಳತೆ ಅವರ ಬೆರಳಿಗೇ ಗೊತ್ತು ಎನ್ನುವುದನ್ನು ನಾನು ಆ ಹೊತ್ತಿಗೆ ಮರೆತೇಬಿಟ್ಟಿದ್ದೆ. ಹೋಗುವ ಹಿಂದಿನ ಸಂಜೆ ಅವರಾಗಿಯೇ ಹೇಳಿದರು, 'ನಮ್ಮದು ನಾಲ್ಕನೇ ಸಾಲು. ನಿನ್ನ ಕೈ ಏಳಕ್ಕೆ ಹೋಯ್ತು.' ಹಾಗಾದರೆ ಅಲ್ಲೇ ಯಾಕೆ ತಡೆಯಲಿಲ್ಲ ಎಂದು ಕೇಳಿದೆ. 'ಕೈ ನಡುಗ್ತಿತ್ತು ನಿಂದು' ಅಂದರು. 'ನಿಮ್ಮಣ್ಣಂಗೆ ಹೇಳ್ಬೇಡ' ಅಂತಲೂ ಹೇಳಿದರು. ಆಮೇಲೆ ರೇಡಿಯೊ ಹಾಕಿಸಿಕೊಂಡು ಗೋಡೆ ಕಡೆಗೆ ತಿರುಗಿ ಮಲಗಿದರು. ನನ್ನ ಜೊತೆ ಮತ್ತೆ ಮಾತಾಡಲಿಲ್ಲ.

ಕೋಟಿಗೆ ಇನ್ನೂ ಎರಡು ಕಾಜಾ ಬಾಕಿ ಇವೆ. ನಾಳೆ ಏಳಕ್ಕೆ ಅಂಗಡಿ ತೆರೆಯುತ್ತೇವೆ, ಎಂಟಕ್ಕೆ ಡಾಕ್ಟರ ಕಾರು ಬರುತ್ತದೆ.